ಪಂಖದ ವಾದವೂ ಮೀಟರಿನ ಲೆಕ್ಕವೂ

ವಿದ್ಯಾರ್ಥಿನಿಯರೇ, ಕಟಕೋಳದಂಥ ಬಿಸಿಲೂರಿನಲ್ಲಿ ಬೇಸಗೆ ಬಂದೊಡನೆ, ಪಂಖವನ್ನು ನಿಲ್ಲಿಸೆಂದು ಅತ್ತೆಯೂ, ಸೆಕೆಯನ್ನು ತಾಳಲಾರೆನೆಂದು ಸೊಸೆಯೂ ವಾದಿಸುವುದುಂಟು. ಇಂಥ ವಾದವನ್ನು ತೀರಿಸಲು ಲೆಕ್ಕವೇ ತಕ್ಕ ಪಂಚನು.

1000 ವ್ಯಾಟಿನ ಉಪಕರಣವು 1 ತಾಸು ನಡೆದರೆ 1 ಯೂನಿಟ್ಟು ವೆಚ್ಚವಾಗುವುದು. 75 ವ್ಯಾಟಿನ ಪಂಖವು 10 ತಾಸು ತಿರುಗಿದರೂ ಮುಕ್ಕಾಲು ಯೂನಿಟ್ಟನ್ನು ಮಾತ್ರ ಬಳಸುವುದು. ಸ್ನಾನದ ನೀರನ್ನು ಕಾಯಿಸುವ 2000 ವ್ಯಾಟಿನ ಗೀಜರಾದರೋ ಅರ್ಧ ತಾಸಿನಲ್ಲಿಯೇ 1 ಯೂನಿಟ್ಟನ್ನು ನುಂಗುವುದು.

2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ನಿಯಮದಂತೆ, ತಿಂಗಳ ಬಳಕೆಯು 200 ಯೂನಿಟ್ಟನ್ನು ಮೀರಿದರೆ ಪೂರ್ಣ ಬಿಲ್ಲನ್ನೇ ತೆರಬೇಕಾಗುವುದು. ಆದುದರಿಂದ ಬರಿದಾದ ಕೋಣೆಯ ಪಂಖವನ್ನು ನಿಲ್ಲಿಸಿರಿ. ಕೂಸು ಮಲಗಿದ ಕೋಣೆಯದನ್ನು ತಿರುಗಗೊಡಿರಿ. ಮಿತವ್ಯಯವು ಜಿಪುಣತನವಲ್ಲ. ವಾರಕ್ಕೊಮ್ಮೆ ಮೀಟರನ್ನು ಓದಿ, ಅಂಕಿಯನ್ನು ಬರೆದಿಟ್ಟು, ಮನೆಯವರೆಲ್ಲರಿಗೂ ತೋರಿಸಿರಿ.