ಆರೋಗ್ಯ ಮಾಲಿಕೆ: ಸ್ಕಿಜೋಫ್ರೇನಿಯಾ ಬಂದವರ ಬದುಕು – ಚೆನ್ನೈಯ ತೊಂಬತ್ತು ಜನರಿಂದ ತಿಳಿದದ್ದು

ಇವತ್ತಿನದು ನಮ್ಮ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಮಾತಾಡುವ ವಿಷಯ.

ಚೆನ್ನಾಗಿ ಓದುತ್ತಿದ್ದ ಹುಡುಗ ಕಾಲೇಜಿಗೆ ಹೋಗುವುದನ್ನು ಬಿಡುತ್ತಾನೆ. ಪಕ್ಕದ ಮನೆಯವರು ತನ್ನ ಬಗ್ಗೆಯೇ ಆಡಿಕೊಳ್ಳುತ್ತಿದ್ದಾರೆ ಅನ್ನುತ್ತಾನೆ, ಕಿಟಕಿ ಮುಚ್ಚಿ ಕೂರುತ್ತಾನೆ, ಯಾರೂ ಇಲ್ಲದ ಕೋಣೆಯಲ್ಲಿ ಯಾರಿಗೋ ಉತ್ತರ ಕೊಡುತ್ತಾನೆ. ಮನೆಯವರು ದೃಷ್ಟಿ ತೆಗೆಯುತ್ತಾರೆ, ರಜೆ ಹಾಕಿ ಊರಿನ ದೇವರಿಗೆ ಹರಕೆ ಹೊತ್ತು ಬರುತ್ತಾರೆ. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಒಂದೆರಡು ವರ್ಷ ಕಳೆದಿರುತ್ತದೆ.

ಇರುವುದು ಯಾವುದು, ಇಲ್ಲದ್ದು ಯಾವುದು ಎಂದು ಮನಸ್ಸಿಗೆ ತಿಳಿಯದಾಗುವ ಈ ಸ್ಥಿತಿಗೆ ಸೈಕೋಸಿಸ್ ಎನ್ನುತ್ತಾರೆ. ತೀವ್ರ ಖಿನ್ನತೆ, ಬೈಪೋಲಾರ್ ಕಾಯಿಲೆ, ಗಾಂಜಾದಂಥ ನಶೆ, ಇವುಗಳಲ್ಲೂ ಇದು ಬರಬಹುದು. ಹೆಚ್ಚು ಕಾಲ ಕಾಡುವುದು ಸ್ಕಿಜೋಫ್ರೇನಿಯಾ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನ ಸುಮಾರು 300 ಜನರಲ್ಲಿ ಒಬ್ಬರಿಗೆ ಇದೆ. (ಸಿನಿಮಾದಲ್ಲಿ ತೋರಿಸುವ ಹಾಗೆ ಒಬ್ಬನೇ ಮನುಷ್ಯ ಇಬ್ಬರಾಗುವುದಲ್ಲ. ಅದು ಬೇರೆಯೇ ಕಾಯಿಲೆ.)

"ಇನ್ನು ಇವನ ಜೀವನ ಮುಗಿದ ಹಾಗೆ ತಾನೆ?" ಮನೆಯವರು ಕೇಳುವ ಮೊದಲ ಪ್ರಶ್ನೆ ಇದು. ಇದಕ್ಕೆ ಉತ್ತರ ಹುಡುಕಿದ ಒಂದು ದೊಡ್ಡ ಸಂಶೋಧನೆ ನಮ್ಮ ದೇಶದಲ್ಲೇ, ಚೆನ್ನೈಯಲ್ಲಿ ನಡೆದಿದೆ. 1981-82ರಲ್ಲಿ ಮೊದಲ ಬಾರಿಗೆ ಈ ಕಾಯಿಲೆ ಕಾಣಿಸಿಕೊಂಡ 90 ಜನರನ್ನು ಗುರುತಿಸಿ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರ ಬದುಕನ್ನು ಗಮನಿಸುತ್ತ ಹೋದರು. ಡಾ. ಆರ್. ತಾರಾ ಮತ್ತು ಜೊತೆಯವರು ಮಾಡಿದ ಕೆಲಸ ಇದು. ಇದನ್ನು ಮುಂದುವರಿಸಿದ ಸ್ಕಾರ್ಫ್ ಸಂಸ್ಥೆಯನ್ನು 1984ರಲ್ಲಿ ಕಟ್ಟಿದವರು ಡಾ. ಶಾರದಾ ಮೆನನ್, ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ.

ಹತ್ತು ವರ್ಷದ ಕೊನೆಗೆ 76 ಜನರ ಪೂರ್ತಿ ವಿವರ ಸಿಕ್ಕಿತ್ತು. ಹೆಚ್ಚಿನವರಲ್ಲಿ ಮೊದಲಿನ ದನಿ, ಭ್ರಮೆ, ಅನುಮಾನಗಳು ಬಹಳ ಇಳಿದಿದ್ದವು. ಕೆಲವರಿಗೆ ನಡುನಡುವೆ ಮತ್ತೆ ಬಂದು ಹೋಗುತ್ತಿತ್ತು. ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ದುಡಿಯುತ್ತಿದ್ದರು. ಸುಮಾರು ನೂರಕ್ಕೆ ಎಪ್ಪತ್ತು ಮಂದಿಗೆ ಮದುವೆಯಾಗಿತ್ತು. ಎಲ್ಲರ ಕತೆಯೂ ಹೀಗೆ ಅಲ್ಲ. ಆ ತೊಂಬತ್ತರಲ್ಲಿ ಕೆಲವರು ಆತ್ಮಹತ್ಯೆ ಮಾಡಿಕೊಂಡರು. ಆದರೂ "ಮುಗಿದೇಹೋಯಿತು" ಅನ್ನುವ ಮಾತಿಗೆ ಈ ಅಧ್ಯಯನದಲ್ಲಿ ಆಧಾರವಿಲ್ಲ.

ಮದುವೆಯ ಲೆಕ್ಕ ಓದಿ ಯಾರೂ ತಪ್ಪು ತಿಳಿಯಬಾರದು. "ಒಂದು ಮದುವೆ ಮಾಡಿಬಿಡಿ, ತಾನಾಗಿ ಸರಿಹೋಗುತ್ತೆ" ಅನ್ನುವ ಸೋದರಮಾವ ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಚೆನ್ನೈಯ ಇದೇ ತಂಡ 2003ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತು: ಸ್ಕಿಜೋಫ್ರೇನಿಯಾ ಇದ್ದು, ಮದುವೆ ಮುರಿದುಬಿದ್ದ 75 ಹೆಂಗಸರದು. ಬಹಳಷ್ಟು ಮಂದಿಗೆ ಕಾನೂನು ಪ್ರಕಾರ ವಿಚ್ಛೇದನವೂ ಆಗಿರಲಿಲ್ಲ, ಜೀವನಾಂಶವೂ ಬರುತ್ತಿರಲಿಲ್ಲ. ಗಂಡ ತವರಿಗೆ ಕಳಿಸಿದ್ದ, ಅಷ್ಟೆ. ವಯಸ್ಸಾದ ಅಪ್ಪ ಅಮ್ಮ ನೋಡಿಕೊಳ್ಳುತ್ತಿದ್ದರು. ಇಂದೋ ನಾಳೆಯೋ ಕರೆಯಲು ಬರುತ್ತಾನೆಂದು ತಾಳಿ ಹಾಕಿಕೊಂಡೇ ಕಾಯುತ್ತಿದ್ದವರೂ ಇದ್ದರು. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದರೆ ಗಂಡನ ಮನೆಯಲ್ಲಿ ಮಾತ್ರೆಯನ್ನೂ ಮುಚ್ಚಿಡಬೇಕಾಗುತ್ತದೆ, ಆಮೇಲೆ ನಿಂತೇಹೋಗುತ್ತದೆ. ಹೇಳಿ ಮಾಡುವ ಮದುವೆ ಬೇರೆ, ಮುಚ್ಚಿಟ್ಟು ಮಾಡುವ ಮದುವೆ ಬೇರೆ.

ಮಾತ್ರೆಯ ವಿಷಯಕ್ಕೆ ಬರೋಣ. ನ್ಯೂಯಾರ್ಕಿನಲ್ಲಿ ಮೊದಲ ಸಲ ಕಾಯಿಲೆ ಬಂದವರನ್ನು ಐದು ವರ್ಷ ಗಮನಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧ ನಿಲ್ಲಿಸಿದವರಿಗೆ ಕಾಯಿಲೆ ಮರುಕಳಿಸುವ ಅಪಾಯ ಸುಮಾರು ಐದು ಪಟ್ಟು ಹೆಚ್ಚಿತ್ತು. "ಈಗ ಚೆನ್ನಾಗಿದ್ದಾನಲ್ಲ, ಇನ್ಯಾಕೆ" ಎಂದು ನಾವೇ ನಿಲ್ಲಿಸುವುದು ಬೇಡ. ತೂಕ ಏರುವುದು, ನಿದ್ದೆ ಜಾಸ್ತಿಯಾಗುವುದು, ಕೈ ನಡುಗುವುದು ನಿಜವಾದ ತೊಂದರೆಗಳೇ. ಡಾಕ್ಟರಿಗೆ ಹೇಳಿದರೆ ಪ್ರಮಾಣ ಇಳಿಸಬಹುದು, ಮಾತ್ರೆ ಬದಲಿಸಬಹುದು. ಶುಗರ್, ಬಿಪಿ, ತೂಕ ಆಗಾಗ ನೋಡಿಸಿ. ಈ ಕಾಯಿಲೆಯವರು ಬೇಗ ಸಾಯುವ ಸಾಧ್ಯತೆ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಇದಕ್ಕೆ ದೊಡ್ಡ ಕಾರಣಗಳು.

ಇನ್ನು ಮನೆಯವರು ಅತಿ ಹೆಚ್ಚು ಬೈಯುವ ಲಕ್ಷಣ. ದನಿಗಳು ನಿಂತ ಮೇಲೂ ಹುಡುಗ ಹನ್ನೊಂದಕ್ಕೆ ಏಳುತ್ತಾನೆ, ಸ್ನಾನ ಮಾಡುವುದಿಲ್ಲ, ಮಾತು ಎರಡು ಪದ. "ಸೋಮಾರಿ, ತಿಂದು ಮಲಗುತ್ತಾನೆ" ಅನ್ನುತ್ತೇವೆ. ಅದೂ ಕಾಯಿಲೆಯದೇ ಭಾಗ, ಮಾತ್ರೆಗೆ ಅಷ್ಟು ಸುಲಭವಾಗಿ ಬಗ್ಗದ ಭಾಗ. ನಮ್ಮಲ್ಲಿ ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ಅಳೆಯುವುದೂ ಇದನ್ನೇ: ತನ್ನ ಕೆಲಸ ತಾನು ಮಾಡಿಕೊಳ್ಳುವುದು, ಜನರೊಡನೆ ಒಡನಾಟ, ಮಾತು ಮತ್ತು ತಿಳುವಳಿಕೆ, ದುಡಿಮೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ಹಳ್ಳಿಗಳ ರೋಗಿಗಳನ್ನು ಗುರುತಿಸಿ ಅಲ್ಲೇ ಚಿಕಿತ್ಸೆ ಕೊಟ್ಟು ನೋಡಿದಾಗ, ಔಷಧ ಮುಂದುವರಿಸಿದವರಲ್ಲಿ ಈ ವೈಕಲ್ಯ ಕಡಿಮೆಯಿತ್ತು. ಮಾತ್ರೆಯ ಜೊತೆ ಮನೆಯ ಕೆಲಸವೂ ಬೇಕು. ಹಾಲು ತರುವುದು, ಒಗೆದ ಬಟ್ಟೆ ಮಡಿಸುವುದು, ಹೀಗೆ ದಿನಕ್ಕೊಂದು ಸಣ್ಣ ಜವಾಬ್ದಾರಿ ಕೊಡಿ. ಪೂರ್ತಿ ಮಾಡದಿದ್ದರೂ ಮಾಡಿದಷ್ಟನ್ನು ಹೇಳಿ.

ಪರರಾಜ್ಯದಲ್ಲಿರುವ ನಮಗೆ ಇನ್ನೊಂದು ಕಷ್ಟ ಇದೆ. ಪುಣೆಯಲ್ಲೇ ಹುಟ್ಟಿದ ಮಗನಿಗೆ ಮರಾಠಿ ಬರುತ್ತದೆ, ಊರಿಂದ ಬಂದ ಸೊಸೆಗೋ ಅಜ್ಜಿಗೋ ಬರುವುದಿಲ್ಲ. ಕಿವಿಯಲ್ಲಿ ಕೇಳುವ ದನಿ ಏನು ಹೇಳುತ್ತದೆ ಎಂಬುದನ್ನು ಬಾರದ ಭಾಷೆಯಲ್ಲಿ ವಿವರಿಸುವುದು ಹೇಗೆ? ಭಾಷೆ ಬಲ್ಲ ಒಬ್ಬರು ಜೊತೆಗೆ ಹೋಗಿ, ಆದರೆ ರೋಗಿಯ ಮಾತನ್ನು ನಿಮ್ಮದಾಗಿ ತಿದ್ದಿ ಹೇಳಬೇಡಿ. ಯಾವಾಗ ಶುರುವಾಯಿತು, ನಿದ್ದೆ ಹೇಗಿದೆ, ಯಾವ ಮಾತ್ರೆ ಎಷ್ಟು ದಿನ, ಮನೆತನದಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸಾಯುವ ಮಾತು ಆಡಿದರೆ, ಸಾಯಲು ದನಿ ಹೇಳುತ್ತಿದೆ ಎಂದರೆ, ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೂ ಸೇವೆ ಇದೆ. ರೋಗಿಯೇ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.