ಲೂಪಸ್ ಹೆಣ್ಣುಮಕ್ಕಳನ್ನೇ ಏಕೆ ಕಾಡುತ್ತದೆ?

ಲೂಪಸ್ ಎಂಬ ವ್ಯಾಧಿಯ ಹೆಸರನ್ನು ಭಕ್ತಾದಿಗಳಲ್ಲಿ ಹಲವರು ಕೇಳಿರಬಹುದು. ಹೊರಗಿನ ರೋಗಾಣುಗಳೊಡನೆ ಹೋರಾಡಬೇಕಾದ ರೋಗನಿರೋಧಕ ಶಕ್ತಿಯು ದಾರಿತಪ್ಪಿ ಸ್ವಂತ ಶರೀರದ ಮೇಲೆಯೇ ತಿರುಗಿಬೀಳುವುದು ಇದರ ಸ್ವರೂಪ. ಕೀಲುಗಳಲ್ಲಿ ನೋವು ಮತ್ತು ಬಾವು, ಬಿಸಿಲು ತಾಗಿದರೆ ಕೆನ್ನೆ ಮೂಗುಗಳ ಮೇಲೆ ಕೆಂಪು, ಬಿಟ್ಟು ಬಿಟ್ಟು ಬರುವ ಜ್ವರ, ಬಾಯಿಹುಣ್ಣು, ವಿಶ್ರಾಂತಿಯಿಂದಲೂ ತೀರದ ಆಯಾಸ ಇದರ ಮುಖ್ಯ ಲಕ್ಷಣಗಳು. ಹತ್ತು ಮಂದಿ ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಸ್ತ್ರೀಯರು. ಅವರಲ್ಲಿಯೂ ಹೆಚ್ಚಿನವರು 15ರಿಂದ 45 ವರ್ಷದೊಳಗಿನವರು.

ಹೆಣ್ಣಿಗೇ ಏಕೆ ಎಂಬ ಪ್ರಶ್ನೆಗೆ ಮನೆಗಳಲ್ಲಿ ದೊರೆಯುವ ಉತ್ತರಗಳು ನಮಗೆ ಬೇಸರ ತರಿಸುತ್ತವೆ. ಗ್ರಹಚಾರವಂತೆ, ಸರ್ಪದೋಷವಂತೆ, ಸೊಸೆಯ ಕಾಲ್ಗುಣವಂತೆ! ಮದುವೆಗೆ ಬಂದ ಮಗಳ ಕಾಯಿಲೆಯನ್ನು ಬಂಧುಗಳಿಂದ ಮುಚ್ಚಿಟ್ಟು, ಕೊನೆಗೆ ಔಷಧವನ್ನೇ ನಿಲ್ಲಿಸಿಬಿಟ್ಟ ತಾಯಂದಿರನ್ನು ನಾವು ಕಂಡಿದ್ದೇವೆ. ವೈದ್ಯಲೋಕವು ಸ್ತ್ರೀಯರ ಹಾರ್ಮೋನುಗಳನ್ನು ಕಾರಣವೆಂದು ಹೇಳುತ್ತ ಬಂದಿತು. ಅದರಲ್ಲಿ ತಥ್ಯವುಂಟು, ಆದರೆ ಅಷ್ಟರಿಂದಲೇ ಒಗಟು ಬಿಡಿಸಿದಂತಾಗಲಿಲ್ಲ.

ಇದೀಗ ದೊರೆತಿರುವ ಎಳೆಯನ್ನು ತಿಳಿಯಲು ಜೀವಕೋಶದೊಳಗೆ ಸ್ವಲ್ಪ ಇಣುಕಬೇಕು. ನಮ್ಮ ಡಿ.ಎನ್.ಎ.ಯಲ್ಲಿ ಪ್ರೋಟೀನು ತಯಾರಿಕೆಯ ಸೂಚನೆಯಿರುವ ಭಾಗವು ನೂರಕ್ಕೆ ಎರಡರಷ್ಟೂ ಇಲ್ಲ. ಮಿಕ್ಕದ್ದರಲ್ಲಿ ಬಹುಪಾಲನ್ನು ವಿಜ್ಞಾನಿಗಳು ಬಹುಕಾಲ ಕಸವೆಂದೇ ಎಣಿಸಿದ್ದರು. ಆದರೆ ಆ ಭಾಗದಿಂದಲೂ ಸಾವಿರಾರು ಆರ್.ಎನ್.ಎ. ಎಳೆಗಳು ಹೊರಡುತ್ತವೆ. ಅವುಗಳಿಂದ ಪ್ರೋಟೀನು ತಯಾರಾಗುವುದಿಲ್ಲ. ಇನ್ನೂರು ಅಕ್ಷರಗಳಿಗಿಂತ ಉದ್ದವಾದ ಇಂತಹ ಎಳೆಗಳಿಗೆ ‘ಲಾಂಗ್ ನಾನ್‌ಕೋಡಿಂಗ್ ಆರ್.ಎನ್.ಎ.’ ಎಂದು ಹೆಸರು. ದಾಸೋಹದ ಅಡುಗೆಮನೆಯಲ್ಲಿ ಸೌಟು ಹಿಡಿಯದೆ, ಯಾವ ಒಲೆ ಉರಿಯಬೇಕು, ಯಾವುದು ಆರಬೇಕು ಎಂದಷ್ಟೇ ನೋಡಿಕೊಳ್ಳುವ ಹಿರಿಯರಿರುತ್ತಾರಲ್ಲವೇ? ಇವುಗಳಲ್ಲಿ ಹಲವು ಮಾಡುವುದು ಅದೇ ಕೆಲಸ.

ಸ್ತ್ರೀಯರಿಗೆ ಎಕ್ಸ್ ವರ್ಣತಂತುಗಳು ಎರಡು, ಪುರುಷರಿಗೆ ಒಂದು. ಎರಡೂ ಪೂರ್ಣವಾಗಿ ದುಡಿದರೆ ಪ್ರೋಟೀನುಗಳ ಪ್ರಮಾಣ ಇಮ್ಮಡಿಯಾದೀತು. ಆದುದರಿಂದ ಸ್ತ್ರೀಯ ಪ್ರತಿ ಕೋಶದಲ್ಲಿ ಒಂದು ಎಕ್ಸ್ ಮೌನ ವಹಿಸುತ್ತದೆ ಎಂದು ಇಂಗ್ಲೆಂಡಿನ ವಿಜ್ಞಾನಿ ಮೇರಿ ಲಯನ್ 1961ರಲ್ಲಿ ಪ್ರತಿಪಾದಿಸಿದರು. ಆ ಮೌನವನ್ನು ಉಂಟುಮಾಡುವ, ಸುಮಾರು 17,000 ಅಕ್ಷರಗಳುದ್ದದ ಆರ್.ಎನ್.ಎ. 1991ರಲ್ಲಿ ಪತ್ತೆಯಾಯಿತು. ಅದರ ಹೆಸರು ‘ಎಕ್ಸಿಸ್ಟ್’. ತಾನು ಹುಟ್ಟಿದ ವರ್ಣತಂತುವನ್ನೇ ಅದು ಹೊದಿಕೆಯಂತೆ ಮುಚ್ಚುತ್ತದೆ. ಮುಚ್ಚುವಾಗ ಹತ್ತಾರು ಪ್ರೋಟೀನುಗಳು ಅದಕ್ಕೆ ಅಂಟಿಕೊಂಡಿರುತ್ತವೆ.

ಎಡವಟ್ಟು ಇಲ್ಲಿಯೇ. ಕೋಶಗಳು ಸತ್ತು ಒಡೆದಾಗ ಈ ಗಂಟು ಹೊರಬೀಳುತ್ತದೆ, ರೋಗನಿರೋಧಕ ವ್ಯವಸ್ಥೆಯು ಅದನ್ನು ವೈರಿಯೆಂದು ಭ್ರಮಿಸಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಗಂಡು ಇಲಿಗಳಲ್ಲಿ ಎಕ್ಸಿಸ್ಟ್ ಉತ್ಪತ್ತಿಯಾಗುವಂತೆ ಮಾಡಿ ನೋಡಿದರು. ರೋಗದ ಒಲವುಳ್ಳ ತಳಿಯಲ್ಲಿ, ಪ್ರಚೋದಕವನ್ನು ಚುಚ್ಚಿದ ಮೇಲೆ, ಆ ಗಂಡುಗಳಿಗೂ ಹೆಣ್ಣುಗಳ ಹತ್ತಿರಕ್ಕೆ ಬರುವಷ್ಟು ತೀವ್ರವಾಗಿ ಲೂಪಸ್‌ನಂತಹ ರೋಗ ತಗುಲಿತು. 2024ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಾನವ ರೋಗಿಗಳ ರಕ್ತದಲ್ಲಿಯೂ ಈ ಪ್ರೋಟೀನುಗಳ ವಿರುದ್ಧ ಪ್ರತಿಕಾಯಗಳು ಕಂಡುಬಂದವು. ಹೆಚ್ಚುವರಿ ಎಕ್ಸ್‌ನೊಡನೆ ಹುಟ್ಟುವ ಪುರುಷರಲ್ಲಿ ಲೂಪಸ್ ಇತರ ಪುರುಷರಿಗಿಂತ ಬಹಳ ಹೆಚ್ಚೆಂಬುದು ಮೊದಲೇ ತಿಳಿದಿತ್ತು. ಎಕ್ಸಿಸ್ಟ್ ಎಲ್ಲ ಸ್ತ್ರೀಯರಲ್ಲಿಯೂ ಇದೆ, ರೋಗ ಬರುವುದು ಕೆಲವರಿಗೆ ಮಾತ್ರ. ವಂಶದ ಒಲವು, ಹೊರಗಿನ ಪ್ರಚೋದನೆ ಎರಡೂ ಕೂಡಬೇಕು.

ಇದೆಲ್ಲ ನಮ್ಮ ಸಂಹಿತೆಗಳಲ್ಲಿಯೇ ಇತ್ತು ಎನ್ನುವವರುಂಟು, ನಾವು ಒಪ್ಪೆವು. ಚರಕರ ವಾತರಕ್ತ, ಮಾಧವನಿದಾನದ ಆಮವಾತಗಳ ಲಕ್ಷಣಗಳು ಕೆಲವಂಶಗಳಲ್ಲಿ ಹೋಲುತ್ತವೆ, ಅಷ್ಟೇ. ನಮ್ಮ ಕಷಾಯ, ಲೇಪಗಳು ಕೀಲಿನ ನೋವಿಗೆ ಒದಗಿಯಾವು. ಆದರೆ ಅವುಗಳನ್ನು ನೆಚ್ಚಿ, ತಜ್ಞವೈದ್ಯರು ಕೊಟ್ಟ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ನಿಲ್ಲಿಸಿದರೆ ರೋಗ ಮತ್ತೆ ಕೆರಳಬಹುದು. ರೋಗನಿರೋಧಕ ಶಕ್ತಿ ಹೆಚ್ಚಲೆಂದು ಅಮೃತಬಳ್ಳಿಯನ್ನು ನಿತ್ಯ ಕುಡಿಯುವವರು ಗಮನಿಸಬೇಕು: ಆ ಶಕ್ತಿಯೇ ತಿರುಗಿಬಿದ್ದಿರುವ ರೋಗವಿದು, ವೈದ್ಯರನ್ನು ಕೇಳದೆ ಸೇವಿಸುವುದು ತರವಲ್ಲ.

ಮೇಲಿನ ಲಕ್ಷಣಗಳಿರುವ ಹೆಣ್ಣುಮಗಳಿದ್ದರೆ ಎ.ಎನ್.ಎ. ಎಂಬ ರಕ್ತಪರೀಕ್ಷೆಯನ್ನು ವೈದ್ಯರ ಸಲಹೆಯಂತೆ ಮಾಡಿಸಿರಿ. ಲೂಪಸ್ ಎಂದು ನಿಶ್ಚಯವಾದವರು ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದೆಯೇ ಎಂಬುದನ್ನು ಹೇಳಿದ ಅವಧಿಗೆ ತಪ್ಪದೆ ನೋಡಿಸಿಕೊಳ್ಳಬೇಕು. ಮೂತ್ರಪಿಂಡಗಳು ನೋವನ್ನೇ ತೋರದೆ ಕೆಡುತ್ತವೆ.