ಪವಾಯಿ ಕೆರೆಯ ಮೀನು ಕಲಿಸಿದ್ದು

ಕೆರೆ ಮೀನಿನ ಕರುಳಲ್ಲಿರುವ ಸೂಕ್ಷ್ಮಜೀವಿಗಳು ಕೆಟ್ಟ ನೀರಲ್ಲೂ ಅದು ಬದುಕಲು ನೆರವಾಗುತ್ತವೆಯೇ ಎಂಬುದು ಮುಂಬೈನ ಪವಾಯಿಯಲ್ಲಿ ನಾನು ಮಾಡುತ್ತಿರುವ ಪೋಸ್ಟ್‌ಡಾಕ್ ಕೆಲಸ. ಪಿಎಚ್‌.ಡಿ. ಮುಗಿಸಿ ಇದೇ ದಾರಿ ಹಿಡಿಯುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ನಾನು ಕಲಿತ ಈ ಕೆಲವು ಮಾತುಗಳು ಉಪಯೋಗಕ್ಕೆ ಬರಲಿ.

1. ವಿಪರೀತ ಪರಿಸರ ಎಂದೊಡನೆ ಅಂಟಾರ್ಕ್ಟಿಕಾ ಅಥವಾ ಬಿಸಿನೀರಿನ ಬುಗ್ಗೆ ನೆನಪಾಗುತ್ತದೆ. ಆದರೆ ಊರೊಳಗಿನ ಕೆರೆಯೂ ಅಂಥದ್ದೇ ಆಗಬಹುದು. ಪವಾಯಿ ಕೆರೆ 1891ರ ಹೊತ್ತಿಗೆ ಮುಂಬೈಗೆ ಕುಡಿಯುವ ನೀರು ಕೊಡಲೆಂದು ಕಟ್ಟಿದ್ದು. ನೀರು ಕುಡಿಯಲು ಯೋಗ್ಯವಲ್ಲವೆಂದು ಆಮೇಲೆ ಕೈಬಿಟ್ಟರು. ಚರಂಡಿ ನೀರು ಸೇರಿ, ಅಂತರಗಂಗೆ ಹಬ್ಬಿದ ಕಡೆ ಆಮ್ಲಜನಕ ತೀರ ಕಡಿಮೆ. ಮಧ್ಯಾಹ್ನ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ಅದೇ ಪಾಚಿ ಹೀರುತ್ತದೆ. ಹಾಗಾಗಿ ಮೀನಿಗೆ ನಿಜವಾದ ಕಷ್ಟಕಾಲ ಬೆಳಕು ಹರಿಯುವ ಮುಂಚೆ. ಆಗ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದನ್ನು ಗಾಳ ಹಾಕುವ ಕಾಕಾ ಒಬ್ಬರು ನನಗೆ ಮೊದಲು ತೋರಿಸಿಕೊಟ್ಟರು. ಬಿಸಿಲೇರಿದ ಮೇಲೆ ಮೀಟರ್ ಅದ್ದಿ ನೀರು ಪರವಾಗಿಲ್ಲ ಎಂದು ಬರೆದುಕೊಳ್ಳುವವರು ಆ ಹೊತ್ತನ್ನು ನೋಡಿರುವುದೇ ಇಲ್ಲ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮೀನು ರಾಶಿ ರಾಶಿಯಾಗಿ ಸತ್ತು ತೇಲಿದ್ದನ್ನು ನೆನೆದರೆ ಆಮ್ಲಜನಕದ ಈ ಅಳತೆ ನಮಗೆಲ್ಲ ಎಷ್ಟು ಹತ್ತಿರದ್ದೆಂದು ತಿಳಿಯುತ್ತದೆ.

2. ಕೆರೆಗಿಂತ ಕಠಿಣವಾದ ಪರಿಸರ ಮೀನಿನ ಹೊಟ್ಟೆಯಲ್ಲೇ ಇದೆ. ನಮ್ಮಲ್ಲಿ ಜಿಲೇಬಿ ಮೀನು ಎನ್ನುವ ತಿಲಾಪಿಯಾವನ್ನು ಮಂಜುಗಡ್ಡೆಯ ಮೇಲಿಟ್ಟು ಹೊಟ್ಟೆ ಸೀಳಿದರೆ ಕರುಳು ಚಕ್ಕುಲಿಯಂತೆ ಸುತ್ತಿಕೊಂಡಿರುತ್ತದೆ. ಬಿಡಿಸಿದರೆ ಮೀನಿನ ಉದ್ದದ ಹಲವು ಪಟ್ಟು. ಹಗಲು ಮೇಯುವಾಗ ಇದರ ಜಠರದ ಪಿಎಚ್ 2ಕ್ಕಿಂತ ಕೆಳಗಿಳಿಯುತ್ತದೆ, ನೀಲಿ-ಹಸಿರು ಪಾಚಿಯ ಕೋಶ ಒಡೆಯುವುದು ಆ ಆಮ್ಲದಿಂದಲೇ. ರಾತ್ರಿ ಹೊಟ್ಟೆ ಬರಿದಾದಾಗ ಆಮ್ಲದ ತೀಕ್ಷ್ಣತೆ ತಗ್ಗುತ್ತದೆ. ಹಾಗಾಗಿ ಬೆಳಿಗ್ಗೆ ಹಿಡಿದ ಮೀನನ್ನೂ ಸಂಜೆ ಹಿಡಿದದ್ದನ್ನೂ ಒಂದೇ ಗುಂಪಿಗೆ ಸೇರಿಸಿ ಲೆಕ್ಕ ಹಾಕಬೇಡಿ. ಕರುಳೊಳಗಿನ ಆಹಾರವನ್ನು ಒಂದು ಟ್ಯೂಬಿಗೆ, ಗೋಡೆಗಂಟಿದ ಲೋಳೆಯನ್ನು ಕೆರೆದು ಇನ್ನೊಂದಕ್ಕೆ ಹಾಕಿ. ಮೊದಲನೆಯದರಲ್ಲಿ ನಿನ್ನೆ ನುಂಗಿದ ಕೆರೆಯ ಬ್ಯಾಕ್ಟೀರಿಯಾ ದಂಡಿಯಾಗಿರುತ್ತವೆ. ಮೀನಿನ ಜೊತೆ ನೆಲೆಯೂರಿದವು ಹೆಚ್ಚಾಗಿ ಸಿಗುವುದು ಲೋಳೆಯಲ್ಲಿ.

3. ಮಾರುಕಟ್ಟೆಯ ಮೀನು ಈ ಕೆಲಸಕ್ಕೆ ಬಾರದು. ಸತ್ತ ಕೆಲವೇ ಗಂಟೆಗಳಲ್ಲಿ ಕರುಳಿನ ಲೋಕ ಬದಲಾಗುತ್ತದೆ.

4. ಕೆರೆಯಲ್ಲಿ ಮೊಸಳೆಗಳಿವೆ. ಎಷ್ಟೇ ಅವಸರವಿದ್ದರೂ ನೀರಿಗಿಳಿಯಬೇಡಿ, ಒಬ್ಬರೇ ದಡಕ್ಕೂ ಹೋಗಬೇಡಿ.

5. ಖಾಲಿ ಟ್ಯೂಬನ್ನು ಮೀನಿನಷ್ಟೇ ಗೌರವದಿಂದ ಕಾಣಿ. ಡಿಎನ್‌ಎ ತೆಗೆಯುವ ಕಿಟ್‌ಗಳಲ್ಲೇ ಬ್ಯಾಕ್ಟೀರಿಯಾದ ಡಿಎನ್‌ಎ ಇರುತ್ತದೆಂದು 2014ರಲ್ಲಿ ಸಾಲ್ಟರ್ ಮತ್ತು ಸಂಗಡಿಗರು ಸ್ಪಷ್ಟವಾಗಿ ತೋರಿಸಿದರು. ಅವುಗಳಲ್ಲಿ ಹಲವು ಮಣ್ಣು, ನೀರಿನ ಬ್ಯಾಕ್ಟೀರಿಯಾಗಳೇ. ಮೀನಿನ ಕರುಳಲ್ಲಿ ಕಂಡರೆ ಯಾರಿಗೂ ಅನುಮಾನ ಬಾರದಂಥವು. ಆದ್ದರಿಂದ ಏನೂ ಹಾಕದ ಟ್ಯೂಬೊಂದು ದಡದಿಂದ ಸೀಕ್ವೆನ್ಸಿಂಗ್‌ವರೆಗೆ ಪ್ರತಿ ಸಲವೂ ಜೊತೆಗೇ ಸಾಗಬೇಕು. ಗೈಡ್ ಖರ್ಚಿನ ಮಾತೆತ್ತಿದರೂ ಇದೊಂದನ್ನು ಬಿಟ್ಟುಕೊಡಬೇಡಿ. ಹೋಲಿಸಿ ನೋಡಲು, ಮೀನು ಹಿಡಿದ ಹೊತ್ತಿನಲ್ಲೇ ಕೆರೆಯ ನೀರನ್ನೂ ಸೋಸಿ ಇಡಿ.

6. ಮೀನಿಗೆ ಸಲ್ಲಬೇಕಾದ ಶ್ರೇಯವನ್ನು ಬ್ಯಾಕ್ಟೀರಿಯಾಕ್ಕೆ ಕೊಡುವ ಚಪಲ ನಮ್ಮ ಕ್ಷೇತ್ರದ ದೊಡ್ಡ ರೋಗ ಎಂದೇ ನನ್ನ ಎಣಿಕೆ. ಕೀನ್ಯಾದ ಮಗಾಡಿ ಸರೋವರದಲ್ಲಿ ಪಿಎಚ್ ಸುಮಾರು 10. ಅಂಥ ನೀರಿಗೆ ಅಮೋನಿಯಾ ಬಿಡುವುದು ಮೀನಿಗೆ ಕಷ್ಟ. ಅಲ್ಲಿರುವ ಜಿಲೇಬಿಯ ದಾಯಾದಿ ಮೀನು ಅಮೋನಿಯಾವನ್ನು ತನ್ನ ಮೈಯೊಳಗೇ ಯೂರಿಯಾ ಮಾಡಿ ಹೊರಹಾಕುತ್ತದೆ. ಕೊರವ ಮೀನು ಕೊಳೆತ ನೀರಲ್ಲಿ ತಡೆದುಕೊಳ್ಳುವುದು ಗಾಳಿ ಉಸಿರಾಡುವ ಅಂಗವಿರುವುದರಿಂದ. ಇವನ್ನೆಲ್ಲ ಬದಿಗಿಟ್ಟು ಕರುಳಿನ ಬ್ಯಾಕ್ಟೀರಿಯಾಗಳ ಪಟ್ಟಿಯಲ್ಲಿ ಏನೋ ಹೆಚ್ಚಾಗಿದೆ, ಅದೇ ಕಾರಣ ಎನ್ನಲಾಗದು. ಹಾಗಂತ ಸೂಕ್ಷ್ಮಜೀವಿಗಳ ಪಾಲನ್ನು ತಳ್ಳಿಹಾಕುವಂತೆಯೂ ಇಲ್ಲ. ಸಿಹಿನೀರಿನ ಅನೇಕ ಮೀನುಗಳ ಕರುಳಲ್ಲಿರುವ ಸೀಟೋಬ್ಯಾಕ್ಟೀರಿಯಂ ಬಿ12 ಜೀವಸತ್ವ ತಯಾರಿಸುತ್ತದೆ. 2006ರಲ್ಲಿ ರಾಲ್ಸ್ ಮತ್ತು ಸಂಗಡಿಗರು ಜೀಬ್ರಾಮೀನು, ಇಲಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಅದಲು ಬದಲು ಮಾಡಿದಾಗ, ಬಂದವು ದಾನಿಯ ಕುಲದವೇ ಆದರೂ ಅವುಗಳ ಪ್ರಮಾಣ ಹೊಸ ಆತಿಥೇಯನಿಗೆ ತಕ್ಕಂತೆ ಬದಲಾಯಿತು. ಪ್ರಶ್ನೆಗೆ ಉತ್ತರ ಸಿಗುವುದು ಇಂಥ ಪ್ರಯೋಗದಿಂದ, ಬರೀ ಪಟ್ಟಿಯಿಂದಲ್ಲ.

7. ಮೊದಲು ಮಳೆಗಾಲವನ್ನು ಲೆಕ್ಕ ಹಾಕಿ. ಎರಡು ವರ್ಷದ ಪೋಸ್ಟ್‌ಡಾಕ್‌ಗೆ ಮಳೆಗಾಲ ಎರಡೇ. ಮಳೆ ಹಿಡಿದು ಕೆರೆ ಕೋಡಿ ಬಿದ್ದು ನೀರು ಮಿಠಿ ನದಿಗೆ ಹರಿಯುವಾಗ ಇಡೀ ಕೆರೆಯ ಗುಣವೇ ಬೇರೆ. ಆ ಹೊತ್ತು ತಪ್ಪದಿರಲು ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಒಪ್ಪಿಗೆ, ಮೀನು ಹಿಡಿಯಲು ಅನುಮತಿ, ಮಾದರಿ ಹೊರದೇಶಕ್ಕೆ ಹೋಗುವುದಿದ್ದರೆ 2002ರ ಜೀವವೈವಿಧ್ಯ ಕಾಯ್ದೆಯ ಕಾಗದಪತ್ರ, ಇವೆಲ್ಲ ಬೇಸಿಗೆಯಲ್ಲೇ ಕೈಸೇರಬೇಕು.

8. ಲ್ಯಾಬಿನಲ್ಲಿ ಒಂದಿಷ್ಟು ತೊಟ್ಟಿಗಳನ್ನು ಮೊದಲೇ ಕೇಳಿ ಇಟ್ಟುಕೊಳ್ಳಿ. ಕೆರೆಯ ಮೀನನ್ನು ತಿಳಿನೀರಲ್ಲಿ ಸಾಕಿ ವಾರ ವಾರ ನೋಡಿದಾಗ ಅದರ ಬ್ಯಾಕ್ಟೀರಿಯಾ ತೊಟ್ಟಿಯ ನೀರಿನಂತೆಯೇ ಆಗಿಬಿಟ್ಟರೆ, ಅವು ಮೀನಿನ ಸಂಗಾತಿಗಳೆಂಬ ವಾದ ಸೊರಗುತ್ತದೆ. ಕೆರೆಯಿಂದ ಬಂದ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಉಳಿದುಕೊಂಡರೆ ಅವನ್ನು ತೆಗೆದು, ಆಮ್ಲಜನಕ ಇಳಿಸಿ, ಮೀನು ಹೇಗಿರುತ್ತದೆಂದು ನೋಡುವುದು ಮುಂದಿನ ಹೆಜ್ಜೆ.